ಮಂಜುಗಡ್ಡೆಯೇ ದಾರಿ ಹೇಳುವ ಯಾನ: ಸ್ವಾಲ್‌ಬಾರ್ಡ್‌ನ ಬೇಸಿಗೆಯಲ್ಲಿ ಚಿಕ್ಕ ಹಡಗುಗಳು

ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಗಳ ಸುತ್ತ ಬೇಸಿಗೆಯಲ್ಲಿ ಸಾಗುವ ಚಿಕ್ಕ ಹಡಗಿನ ಯಾನಕ್ಕೆ ಹಣ ಕಟ್ಟಿದವರ ಕೈಗೆ ಬರುವ ಕಾರ್ಯಕ್ರಮ ಪಟ್ಟಿಯಲ್ಲಿ ಹೊರಡುವ ದಿನ ಮತ್ತು ಮರಳುವ ದಿನ ಮಾತ್ರ ಖಚಿತವಾಗಿರುತ್ತವೆ. ನಡುವಿನ ದಿನಗಳ ಎದುರು ಕೆಲವು ಕೊಲ್ಲಿಗಳ, ಒಂದೆರಡು ಹಿಮನದಿಗಳ ಹೆಸರುಗಳಿದ್ದು, ಕೊನೆಯಲ್ಲಿ ‘ಹವಾಮಾನ ಮತ್ತು ಮಂಜುಗಡ್ಡೆಯ ಸ್ಥಿತಿಗೆ ತಕ್ಕಂತೆ ಬದಲಾಗಬಹುದು’ ಎಂಬ ಸಾಲು ಇರುತ್ತದೆ. ಬಸ್ಸು, ರೈಲು, ವಿಮಾನಗಳ ವೇಳಾಪಟ್ಟಿಗೆ ಒಗ್ಗಿಹೋದ ನಮಗೆ ಅದು ಕಂಪನಿಯವರು ತಮ್ಮ ಅನುಕೂಲಕ್ಕೆ ಸೇರಿಸಿಕೊಂಡ ಷರತ್ತಿನಂತೆ ಕಾಣುವುದು ಸಹಜ. ಆದರೆ ಪಟ್ಟಿಯಲ್ಲಿ ಅಕ್ಷರಶಃ ಪಾಲನೆಯಾಗುವ ಸಾಲು ಅದೇ. ನಾಳೆ ಬೆಳಿಗ್ಗೆ ಹಡಗು ಯಾವ ಕೊಲ್ಲಿಯಲ್ಲಿ ಲಂಗರು ಹಾಕಬೇಕೆಂಬುದನ್ನು ಕ್ಯಾಪ್ಟನ್ ಮತ್ತು ಯಾನದ ಮುಖ್ಯಸ್ಥರು ಇಂದು ಸಂಜೆ ಒಟ್ಟಿಗೆ ಕುಳಿತು ತೀರ್ಮಾನಿಸುತ್ತಾರೆ. ಗಾಳಿ ತಿರುಗಿದರೆ, ದಡದಲ್ಲಿ ಹಿಮಕರಡಿ ಕಂಡರೆ, ಆ ತೀರ್ಮಾನವೂ ಬೆಳಿಗ್ಗೆ ಬದಲಾಗುತ್ತದೆ. ಹೀಗೇಕೆ ಎಂಬುದನ್ನು ಬಿಡಿಸಿ ನೋಡಿದರೆ, ಇಂಥ ಯಾನಕ್ಕೆ ಹಡಗು ಚಿಕ್ಕದೇ ಏಕಿರಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಸ್ವಾಲ್‌ಬಾರ್ಡ್ ನಾರ್ವೆಯ ಆಡಳಿತಕ್ಕೆ ಸೇರಿದ ದ್ವೀಪಸಮೂಹ. ಉತ್ತರ ಅಕ್ಷಾಂಶ 74ರಿಂದ 81 ಡಿಗ್ರಿಗಳ ನಡುವೆ ಹರಡಿರುವ ಇದರ ವಿಸ್ತೀರ್ಣ ಸುಮಾರು 61,000 ಚದರ ಕಿಲೋಮೀಟರ್. ಅದರಲ್ಲಿ ಶೇಕಡಾ 60ರಷ್ಟು ನೆಲ ವರ್ಷವಿಡೀ ಹಿಮನದಿಗಳ ಅಡಿಯಲ್ಲಿಯೇ ಇರುತ್ತದೆ. ಸ್ಪಿಟ್ಸ್‌ಬರ್ಗನ್ ಇಲ್ಲಿನ ಅತಿದೊಡ್ಡ ದ್ವೀಪ. ಹೆಚ್ಚಿನ ಯಾನಗಳು ಹೊರಡುವ ಲಾಂಗ್‌ಇಯರ್‌ಬೀನ್ ಊರು ಇರುವುದು ಆ ದ್ವೀಪದಲ್ಲಿ, 78 ಡಿಗ್ರಿಗಿಂತ ಸ್ವಲ್ಪ ಉತ್ತರಕ್ಕೆ; ಜನಸಂಖ್ಯೆ ಸುಮಾರು 2,500. ಏಪ್ರಿಲ್ 20ರ ಸುಮಾರಿಗೆ ದಿಗಂತದ ಮೇಲೇರಿದ ಸೂರ್ಯ ಈ ಊರಿನಲ್ಲಿ ಮತ್ತೆ ಮುಳುಗುವುದು ಆಗಸ್ಟ್ ತಿಂಗಳ ಕೊನೆಯ ವಾರದ ಹೊತ್ತಿಗೆ.

ಇಷ್ಟು ಉತ್ತರದಲ್ಲಿ ಹಡಗು ಓಡಾಡುವುದಾದರೂ ಹೇಗೆ? ಇದೇ ಅಕ್ಷಾಂಶದಲ್ಲಿರುವ ಗ್ರೀನ್‌ಲ್ಯಾಂಡ್‌ನ ಈಶಾನ್ಯ ತೀರಕ್ಕೆ ಬೇಸಿಗೆಯಲ್ಲೂ ಮಂಜುಗಡ್ಡೆ ಅಡ್ಡಗಟ್ಟಿರುತ್ತದೆ. ಸ್ವಾಲ್‌ಬಾರ್ಡ್‌ನ ಪಶ್ಚಿಮ ತೀರದಲ್ಲಿ ಹಾಗಾಗದಿರುವುದಕ್ಕೆ ಕಾರಣ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದ ಒಂದು ಕವಲು. ನಾರ್ವೆಯ ತೀರದುದ್ದಕ್ಕೂ ಹರಿದು ಬರುವ ಆ ನೀರು ಸ್ಪಿಟ್ಸ್‌ಬರ್ಗನ್‌ನ ಪಶ್ಚಿಮ ಮಗ್ಗುಲನ್ನು ಸವರಿಕೊಂಡು ಉತ್ತರಕ್ಕೆ ಸಾಗುತ್ತದೆ. ಪೂರ್ವ ಮಗ್ಗುಲಿನ ಕಥೆ ಬೇರೆ. ಅಲ್ಲಿ ಧ್ರುವದ ಕಡೆಯಿಂದ ತಣ್ಣನೆಯ ನೀರು ಮಂಜುಗಡ್ಡೆಯನ್ನು ಹೊತ್ತು ತರುತ್ತದೆ. ಆದ್ದರಿಂದ ಒಂದೇ ದ್ವೀಪದ ಪಶ್ಚಿಮದಲ್ಲಿ ಜೂನ್ ಮೊದಲ ವಾರಕ್ಕೆ ದಾರಿ ತೆರೆದಿದ್ದರೆ, ಪೂರ್ವದಲ್ಲಿ ಜುಲೈ ನಡುವಾದರೂ ಮುಚ್ಚಿರಬಹುದು. ದ್ವೀಪವನ್ನು ಪೂರ್ತಿ ಸುತ್ತಿ ಬರುವ ಯಾನಗಳು ಸಾಮಾನ್ಯವಾಗಿ ಬೇಸಿಗೆಯ ದ್ವಿತೀಯಾರ್ಧದಲ್ಲಿ ಹೊರಡುವುದೂ, ಆಗಲೂ ಸುತ್ತಿ ಬಂದೇ ಬರುತ್ತೇವೆ ಎಂದು ಯಾರೂ ಮಾತು ಕೊಡದಿರುವುದೂ ಈ ಕಾರಣಕ್ಕಾಗಿಯೇ.

ಇನ್ನು ಹಡಗಿನ ಅಳತೆ. ಅಂತರರಾಷ್ಟ್ರೀಯ ನೌಕಾ ನಿಯಮಗಳ ಪ್ರಕಾರ ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವುದೆಲ್ಲವೂ ‘ಪ್ರಯಾಣಿಕ ಹಡಗು’, ಅದಕ್ಕೆ ನಿಯಮಗಳು ಹೆಚ್ಚು ಬಿಗಿ. ಹಾಗಾಗಿ ಸ್ವಾಲ್‌ಬಾರ್ಡ್‌ನಲ್ಲಿ ಸರಿಯಾಗಿ ಹನ್ನೆರಡು ಜನರನ್ನು ಹೊತ್ತ ಪುಟ್ಟ ನೌಕೆಗಳೂ ಇವೆ, ಐವತ್ತು, ನೂರು ಜನರ ಹಡಗುಗಳೂ ಇವೆ. ಮೇಲಿನ ಮಿತಿಯನ್ನು ಕಾನೂನೇ ಎಳೆದಿದೆ: 2025ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಇಲ್ಲಿನ ಸಂರಕ್ಷಿತ ಪ್ರದೇಶಗಳಿಗೆ ಹೋಗುವ ಹಡಗಿನಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರು ಇರುವಂತಿಲ್ಲ. ದ್ವೀಪಗಳ ಸುಮಾರು ಮೂರನೇ ಎರಡು ಭಾಗ ಸಂರಕ್ಷಿತ ಪ್ರದೇಶವೇ ಆಗಿರುವುದರಿಂದ ಈ ಮಿತಿಯ ವ್ಯಾಪ್ತಿ ದೊಡ್ಡದು.

ಸಂಖ್ಯೆ ಏಕಿಷ್ಟು ಮುಖ್ಯ ಎಂಬುದಕ್ಕೆ ಸರಳ ಲೆಕ್ಕವೊಂದಿದೆ. ಇಲ್ಲಿ ಹಡಗು ನಿಲ್ಲುವ ಬಹುತೇಕ ಕಡೆ ಬಂದರಿಲ್ಲ, ಕಟ್ಟೆಯಿಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ. ಜನರನ್ನು ಜೋಡಿಯಾಕ್ ಎಂದು ಕರೆಯುವ ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ದಡಕ್ಕೆ ಸಾಗಿಸಬೇಕು. ಒಂದು ದೋಣಿಗೆ ಹತ್ತು ಜನ ಎಂದುಕೊಂಡರೆ ನೂರು ಪ್ರಯಾಣಿಕರಿಗೆ ಹತ್ತು ಸುತ್ತು ಸಾಕು, ಅರ್ಧ ಗಂಟೆಯಲ್ಲಿ ಎಲ್ಲರೂ ದಡದಲ್ಲಿರುತ್ತಾರೆ. ಐನೂರು ಜನರಿದ್ದರೆ ಕೊನೆಯ ದೋಣಿ ದಡ ಮುಟ್ಟುವ ಮೊದಲೇ ಮೊದಲ ದೋಣಿಯವರು ವಾಪಸಾಗಿರಬೇಕಾಗುತ್ತದೆ. ಪಾಚಿ ಹಬ್ಬಿದ ಮೆತ್ತನೆಯ ನೆಲದ ಮೇಲೆ ಐನೂರು ಜೊತೆ ಬೂಟುಗಳು ಬೀಳುತ್ತವೆ. ಬೆಳೆಯುವ ಕಾಲ ವರ್ಷಕ್ಕೆ ಕೆಲವೇ ವಾರಗಳಿರುವ ಆ ನೆಲದಲ್ಲಿ ಬೂಟಿನ ಗುರುತೊಂದು ಅಳಿಸಿಹೋಗಲು ವರ್ಷಗಳೇ ಹಿಡಿಯುತ್ತವೆ. ಚಿಕ್ಕ ಹಡಗಿಗೆ ಇನ್ನೊಂದು ಅನುಕೂಲವೂ ಇದೆ: ಅದಕ್ಕೆ ಕಡಿಮೆ ಆಳದ ನೀರು ಸಾಕು. ಹಿಮನದಿಗಳು ಹಿಂದೆ ಸರಿದ ಜಾಗದಲ್ಲಿ ಈಗ ಸಮುದ್ರವಿದೆ. ಆದರೆ ನಾವಿಕರ ನಕ್ಷೆಯಲ್ಲಿ ಅಲ್ಲಿ ಇನ್ನೂ ಮಂಜುಗಡ್ಡೆ ಎಂದೇ ಬರೆದಿರುವುದುಂಟು, ಆಳದ ಅಂಕಿಗಳೇ ಇರುವುದಿಲ್ಲ. ಅಂಥ ನೀರಿನಲ್ಲಿ ಎಚ್ಚರವುಳ್ಳ ಕ್ಯಾಪ್ಟನ್ ಹಡಗನ್ನು ಮುಂದೊಯ್ಯದೆ, ಆಳ ಅಳೆಯುವ ಉಪಕರಣವಿರುವ ಪುಟ್ಟ ದೋಣಿಯನ್ನು ಮೊದಲು ಕಳುಹಿಸುತ್ತಾನೆ.

ಹಡಗಿನ ಗಟ್ಟಿತನದ ಬಗ್ಗೆಯೂ ತಪ್ಪು ಕಲ್ಪನೆಯಿದೆ. ಈ ಹಡಗುಗಳು ಮಂಜುಗಡ್ಡೆಯನ್ನು ಒಡೆದು ಸಾಗುವ ಐಸ್‌ಬ್ರೇಕರ್‌ಗಳಲ್ಲ. ಒಡಲಿನ ಉಕ್ಕು ದಪ್ಪವಾಗಿದ್ದು, ತೇಲುವ ತುಂಡುಗಳ ನಡುವೆ ನಿಧಾನವಾಗಿ ದಾರಿ ಮಾಡಿಕೊಳ್ಳಬಲ್ಲವು, ಅಷ್ಟೆ. 2017ರ ಜನವರಿಯಿಂದ ಜಾರಿಗೆ ಬಂದ ‘ಪೋಲಾರ್ ಕೋಡ್’ ಎಂಬ ಅಂತರರಾಷ್ಟ್ರೀಯ ನಿಯಮಾವಳಿ, ಯಾವ ಹಡಗು ಎಂಥ ಮಂಜುಗಡ್ಡೆಗೆ ಹೋಗಬಹುದೆಂದು ವರ್ಗೀಕರಿಸುತ್ತದೆ. ಅದರಲ್ಲಿ ಓದುಗರು ಗಮನಿಸಬೇಕಾದ ಒಂದು ಷರತ್ತಿದೆ: ಹಡಗು ಬಿಟ್ಟು ಇಳಿಯಬೇಕಾಗಿ ಬಂದರೆ, ನೆರವು ಬರುವವರೆಗೆ ಕನಿಷ್ಠ ಐದು ದಿನ ಜನರು ಬದುಕುಳಿಯಲು ಬೇಕಾದ ವ್ಯವಸ್ಥೆ ಹಡಗಿನಲ್ಲಿಯೇ ಇರಬೇಕು. ಐದು ದಿನ ಎಂಬ ಆ ಅಂಕಿ ಈ ಪ್ರದೇಶದ ಒಂಟಿತನವನ್ನು ಯಾವ ವರ್ಣನೆಗಿಂತಲೂ ಚೆನ್ನಾಗಿ ತಿಳಿಸುತ್ತದೆ. 1989ರ ಜೂನ್‌ನಲ್ಲಿ ‘ಮಕ್ಸಿಮ್ ಗೋರ್ಕಿ’ ಎಂಬ ಸೋವಿಯತ್ ಪ್ರವಾಸಿ ಹಡಗು ಸ್ವಾಲ್‌ಬಾರ್ಡ್‌ನ ಪಶ್ಚಿಮಕ್ಕೆ ಮಂಜುಗಡ್ಡೆಗೆ ಡಿಕ್ಕಿ ಹೊಡೆದು ನೀರು ತುಂಬಿಕೊಳ್ಳತೊಡಗಿದಾಗ, ಅದರಲ್ಲಿ ಸುಮಾರು 950 ಜನರಿದ್ದರು. ಕೆಲವರು ಜೀವರಕ್ಷಕ ದೋಣಿಗಳಲ್ಲಿ, ಇನ್ನು ಕೆಲವರು ತೇಲುವ ಮಂಜುಗಡ್ಡೆಯ ಮೇಲೆಯೇ ನೆರವಿಗಾಗಿ ಕಾದರು. ನಾರ್ವೆಯ ಕರಾವಳಿ ಕಾವಲು ಪಡೆಯ ಹಡಗು ಕೆಲವೇ ಗಂಟೆಗಳ ದೂರದಲ್ಲಿತ್ತು, ಎಲ್ಲರೂ ಬದುಕುಳಿದರು. ಆ ಹಡಗು ದೂರವಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ, ಒಂದೇ ಹಡಗಿನಲ್ಲಿ ಸಾವಿರಾರು ಜನರನ್ನು ಇಲ್ಲಿಗೆ ಕರೆತರುವುದು ಸರಿಯಲ್ಲ ಎಂಬ ಮಾತಿಗೆ ಬೇರೆ ವಾದವೇ ಬೇಕಾಗುವುದಿಲ್ಲ.

ಸಂಜೆಯ ತೀರ್ಮಾನಕ್ಕೆ ಆಧಾರವಾಗುವುದು ಮಂಜುಗಡ್ಡೆಯ ನಕ್ಷೆ. ನಾರ್ವೆಯ ಹವಾಮಾನ ಸಂಸ್ಥೆ ವಾರದ ಕೆಲಸದ ದಿನಗಳಲ್ಲಿ ಪ್ರತಿದಿನವೂ ಇದನ್ನು ಪ್ರಕಟಿಸುತ್ತದೆ. ಉಪಗ್ರಹಗಳ ಚಿತ್ರಗಳನ್ನು ತಜ್ಞರು ಓದಿ, ಸಮುದ್ರದ ಯಾವ ಭಾಗದಲ್ಲಿ ಎಷ್ಟು ದಟ್ಟವಾಗಿ ಮಂಜುಗಡ್ಡೆಯಿದೆ ಎಂಬುದನ್ನು ಹತ್ತನೇ ಭಾಗಗಳ ಲೆಕ್ಕದಲ್ಲಿ ಬಣ್ಣ ಹಚ್ಚಿ ತೋರಿಸುತ್ತಾರೆ. ಹತ್ತರಲ್ಲಿ ಒಂದರಿಂದ ನಾಲ್ಕು ಭಾಗ ಮಂಜುಗಡ್ಡೆಯಿದ್ದರೆ ಅದು ತೀರಾ ವಿರಳ. ಏಳು ದಾಟಿದರೆ ದಟ್ಟ. ಒಂಬತ್ತು ದಾಟಿದರೆ ಇಂಥ ಹಡಗುಗಳಿಗೆ ಅಲ್ಲಿ ಕೆಲಸವಿಲ್ಲ. ಆದರೆ ನಕ್ಷೆ ಸಿದ್ಧವಾದ ಮೇಲೂ ಗಾಳಿ ಬೀಸುತ್ತಿರುತ್ತದೆ, ಒಂದು ರಾತ್ರಿಯ ಉತ್ತರದ ಗಾಳಿ ಮಂಜುಗಡ್ಡೆಯ ಅಂಚನ್ನು ಬಹುದೂರ ತಳ್ಳಬಲ್ಲದು. ಹಾಗಾಗಿ ನಾವಿಕರು ಆಕಾಶವನ್ನೂ ಓದುತ್ತಾರೆ. ದೂರದ ಮೋಡಗಳ ಅಡಿಭಾಗ ಬೆಳ್ಳಗೆ ಹೊಳೆಯುತ್ತಿದ್ದರೆ, ಆ ದಿಕ್ಕಿನಲ್ಲಿ ದಿಗಂತದಾಚೆ ಮಂಜುಗಡ್ಡೆಯಿದ್ದು ಅದರ ಬೆಳಕು ಮೋಡಕ್ಕೆ ಬಡಿಯುತ್ತಿದೆ ಎಂದರ್ಥ. ಮೋಡದಡಿಯಲ್ಲಿ ಕಪ್ಪು ಪಟ್ಟಿ ಕಂಡರೆ ಅಲ್ಲಿ ತೆರೆದ ನೀರಿದೆ. ಉಪಗ್ರಹಗಳು ಹುಟ್ಟುವುದಕ್ಕೆ ಬಹಳ ಹಿಂದಿನಿಂದಲೂ ಇದ್ದ ಈ ಅರಿವು ಇಂದಿಗೂ ಉಪಯೋಗಕ್ಕೆ ಬರುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಮಂಜುಗಡ್ಡೆ ಎಂದಾಗ ಎರಡು ಬೇರೆ ಬೇರೆ ವಸ್ತುಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಸಮುದ್ರದ ನೀರೇ ಹೆಪ್ಪುಗಟ್ಟಿದ್ದು ಒಂದು ಬಗೆ. ಉಪ್ಪಿನ ಕಾರಣ ಅದು ಸುಮಾರು ಮೈನಸ್ 1.8 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟುವಾಗ ಉಪ್ಪನ್ನು ಹೊರದೂಡುತ್ತದೆ, ಹಾಗೆ ಉಳಿದ ಸೂಕ್ಷ್ಮ ನಾಳಗಳಲ್ಲಿ ಪಾಚಿ ಬೆಳೆಯುತ್ತದೆ. ಹಡಗು ತಾಗಿ ಚಪ್ಪಟೆ ತುಂಡೊಂದು ಮಗುಚಿಕೊಂಡಾಗ, ಮೇಲೆ ಅಷ್ಟು ಬೆಳ್ಳಗಿದ್ದುದರ ಅಡಿಭಾಗ ಕಂದು ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಆ ಕೊಳೆಯಂತಹ ಕಂದು ಲೇಪವೇ ಇಲ್ಲಿನ ಆಹಾರ ಸರಪಳಿಯ ಬುಡ. ಅದನ್ನು ಸೂಕ್ಷ್ಮ ಜೀವಿಗಳು ತಿನ್ನುತ್ತವೆ, ಅವನ್ನು ಪೋಲಾರ್ ಕಾಡ್ ಮೀನು, ಆ ಮೀನನ್ನು ಸೀಲ್, ಸೀಲನ್ನು ಹಿಮಕರಡಿ. ಇನ್ನೊಂದು ಬಗೆ ಹಿಮನದಿಯ ಮಂಜುಗಡ್ಡೆ: ನೆಲದ ಮೇಲೆ ಶತಮಾನಗಳ ಕಾಲ ಬಿದ್ದ ಹಿಮ ತನ್ನದೇ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗಿ, ನಿಧಾನವಾಗಿ ಜಾರಿ, ಸಮುದ್ರದ ಅಂಚಿನಲ್ಲಿ ಗೋಡೆಯಂತೆ ನಿಂತು ಒಡೆದು ಬೀಳುವ ಸಿಹಿನೀರು. ಬೆಳಕಿನ ಕೆಂಪು ಭಾಗವನ್ನು ಅದು ಹೀರಿಕೊಳ್ಳುವುದರಿಂದ ನಮಗೆ ನೀಲಿಯಾಗಿ ಕಾಣುತ್ತದೆ. ದೋಣಿಯ ಎಂಜಿನ್ ಆಫ್ ಮಾಡಿ ಅಂಥ ತುಂಡುಗಳ ನಡುವೆ ಸುಮ್ಮನೆ ಕುಳಿತರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಂಥ ಸದ್ದು ಸುತ್ತಲೂ ಕೇಳುತ್ತದೆ. ಹಿಮದ ಜೊತೆ ಸೆರೆಯಾಗಿ ಒತ್ತಡದಲ್ಲಿದ್ದ ಗಾಳಿಯ ಗುಳ್ಳೆಗಳು ಕರಗುವಿಕೆಯಿಂದ ಬಿಡುಗಡೆಯಾಗುವ ಸದ್ದು ಅದು. ಹಿಮನದಿಯ ಗೋಡೆಯ ಬುಡಕ್ಕೆ ಮಾತ್ರ ದೋಣಿ ಹೋಗುವುದಿಲ್ಲ. ಕಟ್ಟಡದಷ್ಟು ದೊಡ್ಡ ತುಂಡು ಮುನ್ಸೂಚನೆಯಿಲ್ಲದೆ ಕಳಚಿ ಬಿದ್ದಾಗ ಏಳುವ ಅಲೆಗೆ ರಬ್ಬರ್ ದೋಣಿ ಏನೇನೂ ಅಲ್ಲ. ನೂರಾರು ಮೀಟರ್ ಅಂತರ ಇಟ್ಟುಕೊಳ್ಳುವುದು ಅದಕ್ಕೇ.

ದಡಕ್ಕೆ ಇಳಿಯುವ ಕ್ರಮದಲ್ಲಿ ಒಂದೊಂದು ಹಂತಕ್ಕೂ ಕಾರಣವಿದೆ. ಹೊರಡುವ ಹಿಂದಿನ ದಿನವೇ ಪ್ರಯಾಣಿಕರ ಜಾಕೆಟ್ಟು, ಚೀಲಗಳ ಜೇಬುಗಳನ್ನು ವ್ಯಾಕ್ಯೂಮ್ ಯಂತ್ರದಿಂದ ಶುಚಿಗೊಳಿಸಿ, ಬೂಟಿನ ಅಡಿಯ ಸಂದುಗಳನ್ನು ಬ್ರಷ್‌ನಿಂದ ಉಜ್ಜುತ್ತಾರೆ, ಏಕೆಂದರೆ ಬೇರೆ ದೇಶದ ಹುಲ್ಲಿನ ಒಂದು ಬೀಜ ಇಲ್ಲಿ ಬೇರೂರಿದರೆ ಅದನ್ನು ಕಿತ್ತುಹಾಕುವುದು ಅಸಾಧ್ಯವಾಗಬಹುದು. ಬೆಳಿಗ್ಗೆ ಮಾರ್ಗದರ್ಶಿಗಳು ಪ್ರಯಾಣಿಕರಿಗಿಂತ ಮೊದಲೇ ದಡಕ್ಕೆ ಹೋಗಿ, ದಿಬ್ಬಗಳ ಹಿಂದೆ, ಬಂಡೆಗಳ ಮರೆಯಲ್ಲಿ ಕರಡಿಯಿಲ್ಲವೆಂದು ಖಚಿತಪಡಿಸಿಕೊಂಡು, ಬಂದೂಕು ಮತ್ತು ಸಿಡಿಮದ್ದಿನ ಪಿಸ್ತೂಲು ಹಿಡಿದು ಎತ್ತರದ ಜಾಗಗಳಲ್ಲಿ ಕಾವಲು ನಿಲ್ಲುತ್ತಾರೆ. ಅವರಿಂದ ರೇಡಿಯೊದಲ್ಲಿ ಒಪ್ಪಿಗೆ ಬಂದ ಮೇಲೆಯೇ ದೋಣಿಗಳು ಹೊರಡುವುದು. ದೋಣಿಗೆ ಇಳಿಯುವಾಗ ಹಸ್ತಕ್ಕೆ ಹಸ್ತ ಕೊಡುವಂತಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತವರ ಮುಂಗೈಯನ್ನು ನಾವು, ನಮ್ಮ ಮುಂಗೈಯನ್ನು ಅವರು, ಮಣಿಕಟ್ಟಿನ ಮೇಲೆ ಬಿಗಿಯಾಗಿ ಹಿಡಿಯಬೇಕು. ಒದ್ದೆಯಾದ ಕೈಗವಸು ಜಾರಿದರೂ ಒಬ್ಬರ ಹಿಡಿತವಾದರೂ ಉಳಿಯುತ್ತದೆ. ಮೊದಲು ದೋಣಿಯ ರಬ್ಬರ್ ಅಂಚಿನ ಮೇಲೆ ಒಂದು ಹೆಜ್ಜೆ, ಆಮೇಲೆ ಒಳಗೆ, ಕೂಡಲೇ ಕುಳಿತುಕೊಳ್ಳುವುದು. ಕೆಳಗಿನ ನೀರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುವಾಗ ಈ ಪಾಠವನ್ನು ಮೂರು ಸಲ ಹೇಳಿಸಿಕೊಂಡರೂ ಬೇಸರ ಪಡಬಾರದು.

ದಡದಲ್ಲಿ ಕಾಲಿಗೆ ತಾಗುವುದೆಲ್ಲ ಪ್ರಕೃತಿಯದೇ ಅಲ್ಲ. 1596ರಲ್ಲಿ ಡಚ್ ನಾವಿಕ ವಿಲೆಮ್ ಬಾರೆಂಟ್ಸ್ ಈ ದ್ವೀಪಗಳನ್ನು ಕಂಡ ಮೇಲೆ, ಹದಿನೇಳನೇ ಶತಮಾನದಲ್ಲಿ ಯುರೋಪಿನ ತಿಮಿಂಗಿಲ ಬೇಟೆಗಾರರು ಇಲ್ಲಿಗೆ ಮುಗಿಬಿದ್ದರು. ತಿಮಿಂಗಿಲದ ಕೊಬ್ಬನ್ನು ಕುದಿಸಿ ಎಣ್ಣೆ ತೆಗೆಯುತ್ತಿದ್ದ ಒಲೆಗಳ ಅವಶೇಷ, ಮಾಗ್ದಲೇನಾ ಕೊಲ್ಲಿಯ ದಡದಲ್ಲಿ ಆ ಬೇಟೆಗಾರರ ಸಮಾಧಿಗಳು ಇಂದಿಗೂ ಇವೆ. 1946ಕ್ಕಿಂತ ಹಿಂದಿನ ಮಾನವ ಕುರುಹುಗಳೆಲ್ಲವೂ, ತುಕ್ಕು ಹಿಡಿದ ಒಂದು ಮೊಳೆಯೂ ಸೇರಿ, ಕಾನೂನಿನ ರಕ್ಷಣೆಯಲ್ಲಿವೆ. ನೋಡಬಹುದು, ಎತ್ತಿ ಜೇಬಿಗೆ ಹಾಕಿಕೊಳ್ಳುವುದಿರಲಿ, ಸರಿಸುವುದೂ ಅಪರಾಧ. ಆ ಬೇಟೆಯಿಂದ ಇಲ್ಲಿನ ಬೋಹೆಡ್ ತಿಮಿಂಗಿಲಗಳು ಬಹುತೇಕ ನಾಶವಾದವು. ವಾಲ್ರಸ್‌ಗಳ ಸ್ಥಿತಿಯೂ ಹಾಗೆಯೇ ಆಗಿತ್ತು. 1952ರಲ್ಲಿ ಬೇಟೆ ನಿಷೇಧವಾದ ಮೇಲೆ ಅವು ನಿಧಾನವಾಗಿ ಚೇತರಿಸಿಕೊಂಡು, ಇಂದು ಕಡಲಂಚಿನಲ್ಲಿ ಒಂದರ ಮೇಲೊಂದು ಒರಗಿ ಮಲಗಿರುವುದನ್ನು ಹಲವು ಕಡೆ ಕಾಣಬಹುದು.

ಎಲ್ಲರೂ ಕೇಳುವುದು ಹಿಮಕರಡಿಯ ಬಗ್ಗೆ. ಸ್ವಾಲ್‌ಬಾರ್ಡ್‌ನಲ್ಲಿ ಅದರ ಬೇಟೆಗೆ 1973ರಲ್ಲಿ ತೆರೆ ಬಿತ್ತು. ಹಿಂದೆ ಹಡಗುಗಳು ಕರಡಿಯ ಸಾಕಷ್ಟು ಹತ್ತಿರಕ್ಕೆ ಹೋಗುತ್ತಿದ್ದವು, ಫೋಟೊಗಳೂ ಹಾಗೆಯೇ ಬರುತ್ತಿದ್ದವು. 2025ರ ನಿಯಮ ಅದನ್ನು ಬದಲಿಸಿದೆ: ಮಾರ್ಚ್ 1ರಿಂದ ಜೂನ್ 30ರವರೆಗೆ ಕರಡಿಯಿಂದ ಕನಿಷ್ಠ 500 ಮೀಟರ್, ವರ್ಷದ ಉಳಿದ ಕಾಲದಲ್ಲಿ ಕನಿಷ್ಠ 300 ಮೀಟರ್ ದೂರವಿರಬೇಕು. ವಸಂತದಲ್ಲಿ ಅಂತರ ಹೆಚ್ಚಿರುವುದಕ್ಕೆ ಕಾರಣವಿದೆ. ಮರಿಗಳೊಡನೆ ಗುಹೆ ಬಿಟ್ಟು ಬಂದ ತಾಯಿ ಕರಡಿ ಸೀಲ್ ಹಿಡಿದು ಮೈ ತುಂಬಿಕೊಳ್ಳಬೇಕಾದ ತಿಂಗಳುಗಳು ಅವೇ, ಮಂಜುಗಡ್ಡೆ ಕರಗಿದ ಮೇಲೆ ಅದಕ್ಕೆ ಬೇಟೆ ಕಷ್ಟ. 300 ಮೀಟರ್ ದೂರದಿಂದ ಕರಡಿ ಬರಿಗಣ್ಣಿಗೆ ಕೆನೆಬಣ್ಣದ ಚುಕ್ಕೆಯಾಗಿ ಮಾತ್ರ ಕಾಣುತ್ತದೆ. ಒಳ್ಳೆಯ ದುರ್ಬೀನು ಬೇಕು. ಇಷ್ಟು ದೂರ ಹೋಗಿ ಚುಕ್ಕೆ ನೋಡುವುದೇ ಎಂದು ಬೇಸರಿಸುವವರಿಗೆ 2018ರ ಜುಲೈ ಘಟನೆಯನ್ನು ನೆನಪಿಸಬೇಕು. ಅಂದು ದ್ವೀಪಸಮೂಹದ ಉತ್ತರ ತುದಿಯಲ್ಲಿ, ಪ್ರಯಾಣಿಕರನ್ನು ಇಳಿಸುವ ಮೊದಲು ದಡ ಪರೀಕ್ಷಿಸಲು ಹೋದ ಕಾವಲುಗಾರರೊಬ್ಬರ ಮೇಲೆ ಕರಡಿ ಎರಗಿತು. ಅವರ ಸಹೋದ್ಯೋಗಿಗಳು ಅದನ್ನು ಗುಂಡಿಕ್ಕಿ ಕೊಂದರು. ಕಾವಲುಗಾರ ಬದುಕಿದರು. ಕರಡಿ ತನ್ನ ನೆಲದಲ್ಲಿ ತಾನಿದ್ದುದಕ್ಕೆ ಸತ್ತಿತು. ಅಂತರದ ನಿಯಮ ನನಗೆ ಸ್ವಲ್ಪವೂ ಅತಿ ಎನಿಸುವುದಿಲ್ಲ.

ಇಳಿಯುವ ಜಾಗಗಳಿಗೂ ಈಗ ಮಿತಿಯಿದೆ. ಸಂರಕ್ಷಿತ ಪ್ರದೇಶಗಳಲ್ಲಿ ಗೊತ್ತುಪಡಿಸಿದ 43 ಜಾಗಗಳಲ್ಲಿ ಮಾತ್ರ ಪ್ರವಾಸಿಗರು ದಡ ಹತ್ತಬಹುದು. ಆದ್ದರಿಂದ ಹಡಗುಗಳು ಯಾವ ಹೊತ್ತಿಗೆ ಯಾವ ಜಾಗ ಎಂಬುದನ್ನು ಪರಸ್ಪರ ಮೊದಲೇ ಹೊಂದಿಸಿಕೊಳ್ಳಬೇಕು, ಅಲ್ಲಿ ಕರಡಿಯಿದ್ದರೆ ಬೇರೆಡೆ ಇಳಿಯೋಣ ಎನ್ನುವ ಸ್ವಾತಂತ್ರ್ಯ ಹಿಂದಿನಷ್ಟಿಲ್ಲ. ಇಳಿಯಲಾಗದ ದಿನ ದೋಣಿಯಲ್ಲಿಯೇ ದಡದುದ್ದಕ್ಕೂ ಸುತ್ತಾಡಿಸುತ್ತಾರೆ.

ದೋಣಿಯಿಂದಲೇ ನೋಡಬೇಕಾದ ಜಾಗವೊಂದಿದೆ: ಹಿನ್ಲೋಪೆನ್ ಜಲಸಂಧಿಯ ಆಲ್ಕೆಫ್ಯೆಲ್ಲೆಟ್ ಎಂಬ ಬಂಡೆಗೋಡೆ. ನೀರಿನಿಂದ ನೇರವಾಗಿ ಮೇಲೆದ್ದ ಕಪ್ಪು ಅಗ್ನಿಶಿಲೆಯ ಕಂಬಗಳ ಸಂದುಗಳಲ್ಲಿ ಸುಮಾರು 60,000 ಜೋಡಿ ಬ್ರೂನಿಕ್ ಗಿಲ್ಲಿಮಾಟ್ ಹಕ್ಕಿಗಳು ಸಂಸಾರ ಹೂಡುತ್ತವೆ. ಅವು ಗೂಡು ಕಟ್ಟುವುದಿಲ್ಲ. ಅಂಗೈಯಗಲದ ಬರಿಯ ಕಲ್ಲಿನ ಮೇಲೆ ಒಂದೇ ಮೊಟ್ಟೆ. ಮೊಟ್ಟೆಯ ಒಂದು ತುದಿ ಪೇರ್ ಹಣ್ಣಿನಂತೆ ಚೂಪು. ಗೋಡೆಯ ಬುಡಕ್ಕೆ ಬಂದಾಗ ಗದ್ದಲ, ವಾಸನೆ, ತಲೆಯ ಮೇಲೆ ಹಾರುವ ಹಕ್ಕಿಗಳ ಮಳೆ ಎಲ್ಲವೂ ಒಮ್ಮೆಲೇ ಮುತ್ತಿಕೊಳ್ಳುತ್ತವೆ. ಇಂಥ ಗೋಡೆಗಳ 500 ಮೀಟರ್ ಒಳಗೆ ಹಕ್ಕಿಗಳ ಸಂತಾನದ ಕಾಲದಲ್ಲಿ ಐದು ನಾಟ್‌ಗಿಂತ, ಅಂದರೆ ಗಂಟೆಗೆ ಸುಮಾರು ಒಂಬತ್ತು ಕಿಲೋಮೀಟರ್‌ಗಿಂತ ವೇಗವಾಗಿ ಹೋಗುವಂತಿಲ್ಲ. ಬೆದರಿದ ಹಕ್ಕಿಗಳು ಒಟ್ಟಿಗೆ ಹಾರಿದರೆ ಮೊಟ್ಟೆಗಳು ಉರುಳಿ ನೀರಿಗೆ ಬೀಳುತ್ತವೆ.

ಈ ಯಾನಗಳ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಜುಲೈ ತಿಂಗಳ ಸರಾಸರಿ ಉಷ್ಣತೆ ಆರೇಳು ಡಿಗ್ರಿಯಿರುವ ಲಾಂಗ್‌ಇಯರ್‌ಬೀನ್‌ನಲ್ಲಿ 2020ರ ಜುಲೈ 25ರಂದು 21.7 ಡಿಗ್ರಿ ದಾಖಲಾಯಿತು. ಖಂಡಗಳನ್ನು ದಾಟಿ ವಿಮಾನದಲ್ಲಿ ಬಂದು, ಎಣ್ಣೆ ಸುಡುವ ಹಡಗು ಹತ್ತಿ, ಕರಗುತ್ತಿರುವುದನ್ನು ನೋಡುವುದರಲ್ಲಿ ಒಂದು ನೋವಿನ ವೈರುಧ್ಯವಿದೆ. ಹಡಗು ಚಿಕ್ಕದೆಂಬ ಮಾತ್ರಕ್ಕೆ ಅದು ಮಾಯವಾಗುವುದಿಲ್ಲ. ಚೆಲ್ಲಿದರೆ ಮಂಜುಗಡ್ಡೆಯ ನಡುವಿನಿಂದ ತೆಗೆಯಲಾಗದಂಥ ಭಾರವಾದ ಇಂಧನ ತೈಲವನ್ನು 2022ರಿಂದ ಸ್ವಾಲ್‌ಬಾರ್ಡ್‌ನ ನೀರಿನಲ್ಲಿ ಪೂರ್ತಿ ನಿಷೇಧಿಸಿರುವುದು ಒಳ್ಳೆಯ ಹೆಜ್ಜೆ, ಆದರೆ ಅದು ಹೊಗೆಯ ಪ್ರಶ್ನೆಗೆ ಉತ್ತರವಲ್ಲ.

ಭಾರತದವರಿಗೆ ಈ ದ್ವೀಪಗಳು ಪೂರ್ತಿ ಪರಕೀಯವೇನಲ್ಲ. ಸ್ವಾಲ್‌ಬಾರ್ಡ್‌ನ ಮೇಲೆ ನಾರ್ವೆಯ ಅಧಿಕಾರವನ್ನು ಮಾನ್ಯ ಮಾಡಿದ 1920ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟಿಷ್ ಆಳ್ವಿಕೆಯ ಭಾರತವೂ ಪಾಲುದಾರನಾಗಿತ್ತು. 79 ಡಿಗ್ರಿಯ ಹತ್ತಿರ, ಹಿಂದೆ ಕಲ್ಲಿದ್ದಲ ಗಣಿಯಿದ್ದು ಈಗ ಸಂಶೋಧಕರ ಊರಾಗಿರುವ ನಿ-ಆಲೆಸುಂಡ್‌ನಲ್ಲಿ 2008ರ ಜುಲೈನಿಂದ ನಮ್ಮ ‘ಹಿಮಾದ್ರಿ’ ಕೇಂದ್ರವಿದೆ. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತದೆ. ಎದುರಿನ ಕಾಂಗ್ಸ್‌ಫ್ಯೋರ್ಡ್ ಕೊಲ್ಲಿಯ ನೀರಿನಡಿ 2014ರಲ್ಲಿ ಇಳಿಬಿಟ್ಟ ‘ಇಂಡಾರ್ಕ್’ ಎಂಬ ಉಪಕರಣ ವ್ಯವಸ್ಥೆ ಉಷ್ಣತೆ, ಲವಣಾಂಶಗಳನ್ನು ಅಳೆಯಲೆಂದೇ ರೂಪಿಸಿದ್ದು. ಆರ್ಕ್ಟಿಕ್‌ನ ಮಂಜುಗಡ್ಡೆಗೂ ನಮ್ಮ ಮುಂಗಾರಿಗೂ ಇರಬಹುದಾದ ನಂಟನ್ನು ಅರಿಯುವುದು ಭಾರತದ ಆರ್ಕ್ಟಿಕ್ ಸಂಶೋಧನೆಯ ಉದ್ದೇಶಗಳಲ್ಲೊಂದು. ಹಡಗು ಈ ಊರಿನ 20 ಕಿಲೋಮೀಟರ್ ಸಮೀಪಕ್ಕೆ ಬರುತ್ತಿದ್ದಂತೆ ಎಲ್ಲರೂ ಫೋನಿನ ವೈಫೈ, ಬ್ಲೂಟೂತ್ ಆಫ್ ಮಾಡಬೇಕು; ಇಲ್ಲಿನ ಸೂಕ್ಷ್ಮ ರೇಡಿಯೊ ಉಪಕರಣಗಳಿಗೆ ಅವು ಅಡ್ಡಿ.

ಹೋಗಬಯಸುವವರು ತಿಳಿದಿರಬೇಕಾದ ಒಂದು ವ್ಯಾವಹಾರಿಕ ಸಂಗತಿ: ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ, ಆದರೆ ಅದು ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದ, ಹೊರಗಿದೆ. ಓಸ್ಲೊ ಮೂಲಕ ಹೋಗಿ ಬರುವ ಭಾರತೀಯರು ನಾರ್ವೆಯನ್ನು ಎರಡು ಸಲ ಪ್ರವೇಶಿಸಿದಂತಾಗುವುದರಿಂದ, ಎರಡು ಪ್ರವೇಶಕ್ಕೆ ಅನುಮತಿಯಿರುವ ಷೆಂಗೆನ್ ವೀಸಾ ಮಾಡಿಸಿಕೊಳ್ಳಬೇಕು.

ಯಾವ ತಿಂಗಳು ಎಂಬುದು ಏನನ್ನು ನೋಡಬೇಕೆಂಬುದರ ಮೇಲೆ ನಿಂತಿದೆ. ಜೂನ್‌ನಲ್ಲಿ ಬೆಟ್ಟಗಳ ಮೇಲೆ ಹಿಮ ಉಳಿದಿರುತ್ತದೆ, ಮಂಜುಗಡ್ಡೆಯ ಅಂಚು ಹತ್ತಿರದಲ್ಲಿರುತ್ತದೆ, ಪೂರ್ವದ ದಾರಿ ಬಹುಶಃ ಮುಚ್ಚಿರುತ್ತದೆ. ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರಗಳವರೆಗೆ ದಾರಿಗಳು ತೆರೆದಿರುವ ಸಾಧ್ಯತೆ ಹೆಚ್ಚು, ನೆಲದ ಮೇಲೆ ಪುಟ್ಟ ಹೂಗಳಿರುತ್ತವೆ, ಮಂಜು ಕವಿಯುವ ದಿನಗಳೂ ಇರುತ್ತವೆ. ಆಲ್ಕೆಫ್ಯೆಲ್ಲೆಟ್‌ನ ಮರಿಗಳು ಗೋಡೆ ಬಿಡುವುದೂ ಆಗಲೇ. ಮೂರು ವಾರದ ಮರಿಗೆ ಹಾರಲು ರೆಕ್ಕೆ ಬಲಿತಿರುವುದಿಲ್ಲ. ಕೆಳಗೆ ನೀರಿನಿಂದ ತಂದೆ ಹಕ್ಕಿ ಕೂಗುತ್ತದೆ, ಮರಿ ಕಲ್ಲಿನ ಅಂಚಿಗೆ ಬಂದು ಹಿಂದೆ ಸರಿದು ಮತ್ತೆ ಬಂದು, ಕೊನೆಗೆ ಧುಮುಕುತ್ತದೆ. ಬುಡದಲ್ಲಿ ನರಿಗಳೂ ಕಡಲ ಹಕ್ಕಿಗಳೂ ಕಾದಿರುತ್ತವೆ. ನೀರಿಗೆ ತಲುಪಿದ ಮರಿಯನ್ನು ತಂದೆ ಪಕ್ಕಕ್ಕೆ ಕರೆದುಕೊಂಡು, ಮಂಜುಗಡ್ಡೆಯ ತುಂಡುಗಳ ನಡುವೆ ಈಜುತ್ತಾ ತೆರೆದ ಸಮುದ್ರದ ಕಡೆಗೆ ಹೊರಟುಹೋಗುತ್ತದೆ.